ಮೊಬೈಲ್ ಮತ್ತು ಕಣ್ಣು: ಬೆಳಕಿಗಿಂತ ಅಂತರ ಮುಖ್ಯ

ಕಣ್ಣಿನ ತಪಾಸಣೆಗೆ ಬರುವವರಲ್ಲಿ ಅನೇಕರು ಕುರ್ಚಿಯಲ್ಲಿ ಕೂರುತ್ತಲೇ ಕೇಳುವುದು ನೀಲಿ ಬೆಳಕಿನ ವಿಷಯ. ಮೊಬೈಲಿನ ಬೆಳಕಿನಿಂದ ಅಕ್ಷಿಪಟಲಕ್ಕೆ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ) ಹಾನಿಯಾಗುತ್ತದೆಯೇ, ಅದನ್ನು ತಡೆಯುವ ಕನ್ನಡಕ ಬರೆದುಕೊಡುತ್ತೀರಾ ಎಂದು ವಿಚಾರಿಸುತ್ತಾರೆ. ಹಗಲು ಹೊರಗೆ ನಿಂತರೆ ಕಣ್ಣಿಗೆ ತಲುಪುವ ನೀಲಿ ಬೆಳಕಿನ ಮುಂದೆ ಪರದೆಯಿಂದ ಬರುವುದು ತೀರಾ ಅಲ್ಪ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆಯಲ್ಲಿಯೂ ಇಂಥ ಕನ್ನಡಕಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಲಕ್ಷಣ ಕಂಡುಬರಲಿಲ್ಲ. ಆದ್ದರಿಂದ ನಾನು ಅವನ್ನು ಬರೆದುಕೊಡುವುದಿಲ್ಲ. ಬದಲಿಗೆ, ಫೋನನ್ನು ಕೈಗೆತ್ತಿಕೊಂಡು ಯಾವುದಾದರೂ ಸಂದೇಶವನ್ನು ಓದಿ ಎಂದು ಹೇಳಿ ಸುಮ್ಮನೆ ಗಮನಿಸುತ್ತೇನೆ.

ಮೊದಲು ಕಾಣುವುದು ಅಂತರ. ಪುಸ್ತಕವನ್ನು ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಹಿಡಿಯುವ ವ್ಯಕ್ತಿಯೇ ಫೋನನ್ನು, ಅದರಲ್ಲೂ ಮಲಗಿಕೊಂಡು ನೋಡುವಾಗ, 20 ಸೆಂಟಿಮೀಟರಿಗೆ ತಂದುಕೊಳ್ಳುವುದುಂಟು. ದೂರ ಅರ್ಧವಾದರೆ ಕಣ್ಣಿನ ಶ್ರಮ ಇಮ್ಮಡಿಯಾಗುತ್ತದೆ: 40 ಸೆಂಟಿಮೀಟರಿಗೆ ಎರಡೂವರೆ ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಸಾಕಾದರೆ, 20ಕ್ಕೆ ಐದು ಡಯಾಪ್ಟರ್ ಬೇಕು. ಕಣ್ಣೊಳಗಿನ ಮಸೂರದ ಆಕಾರ ಬದಲಿಸುವ ಸಿಲಿಯರಿ ಸ್ನಾಯು ಅಷ್ಟು ಹೊತ್ತೂ ಬಿಗಿದುಕೊಂಡೇ ಇರುತ್ತದೆ, ಎರಡೂ ಕಣ್ಣುಗಳು ಮೂಗಿನ ಕಡೆಗೆ ತಿರುಗಿರಬೇಕಾಗುತ್ತದೆ. ಗಂಟೆಗಟ್ಟಲೆ ನೋಡಿ ತಲೆಯೆತ್ತಿದಾಗ ದೂರದ ಬರಹ ಕೆಲವು ಕ್ಷಣ ಮಸುಕಾಗುವುದಕ್ಕೆ ಬಿಗಿದ ಸ್ನಾಯು ತಕ್ಷಣ ಸಡಿಲವಾಗದಿರುವುದೇ ಕಾರಣ. ಪ್ರತಿ 20 ನಿಮಿಷಕ್ಕೊಮ್ಮೆ 20 ಸೆಕೆಂಡು ಆರು ಮೀಟರಿಗಿಂತ ಆಚೆ ನೋಡಿ ಎನ್ನುವ ಸಲಹೆ ಹುಟ್ಟಿರುವುದು ಇದಕ್ಕಾಗಿಯೇ.

ಎರಡನೆಯದು ರೆಪ್ಪೆ. ಮಾತನಾಡುತ್ತ ಕುಳಿತಾಗ ನಿಮಿಷಕ್ಕೆ ಹದಿನೈದು ಬಾರಿಯಾದರೂ ಬಡಿಯುವ ರೆಪ್ಪೆ, ಪರದೆಯ ಮುಂದೆ ಐದಾರು ಬಾರಿಗೆ ಇಳಿಯಬಹುದು. ಬಡಿದಾಗಲೂ ಪೂರ್ತಿ ಮುಚ್ಚದೆ ಅರ್ಧದಲ್ಲೇ ಮೇಲೇಳುತ್ತದೆ. ಇಂಥವರ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ನೋಡಿದರೆ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಹಸಿರಾಗಿ ಹೊಳೆಯುವ ಕಣ್ಣೀರಿನ ತೆಳು ಪದರ ಹತ್ತು ಸೆಕೆಂಡಿನೊಳಗೇ ಹರಿದು, ಅಲ್ಲಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳೇ ಒಣಗಿದ ಜಾಗ. ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ, ಆದರೆ ಸದಾ ನೀರು ಸುರಿಯುತ್ತದೆ ಎಂದು ದೂರುವವರಿಗೆ ನಿಮ್ಮದು ಒಣಗಣ್ಣು ಎಂದರೆ ನಂಬಿಕೆ ಬರುವುದಿಲ್ಲ. ಆದರೆ ಆ ನೀರು ಒಣಗಿದ ಕಾರ್ನಿಯಾದ ಉರಿಗೆ ಕಣ್ಣು ತೋರುವ ಪ್ರತಿಕ್ರಿಯೆಯಷ್ಟೇ. ಆಗಾಗ ಬೇಕೆಂದೇ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯುವುದು, ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ನೋಡಿಕೊಳ್ಳುವುದು ಅನೇಕರಿಗೆ ಸಾಕಾಗುತ್ತದೆ.

ಮಕ್ಕಳ ವಿಷಯದಲ್ಲಿ ನನಗಿರುವ ಚಿಂತೆ ಬೇರೆ. ಬೆಳೆಯುವ ಕಣ್ಣುಗುಡ್ಡೆ ಅಗತ್ಯಕ್ಕಿಂತ ಒಂದು ಮಿಲಿಮೀಟರ್ ಉದ್ದವಾದರೂ ಕನ್ನಡಕದ ನಂಬರ್ ಸುಮಾರು ಮೈನಸ್ ಎರಡೂವರೆಯಿಂದ ಮೂರರಷ್ಟಾಗುತ್ತದೆ, ಉದ್ದವಾದ ಕಣ್ಣು ಮತ್ತೆ ಮೊದಲಿನಂತಾಗುವುದಿಲ್ಲ. ಇದಕ್ಕೆಲ್ಲ ಮೊಬೈಲ್ ಒಂದೇ ಹೊಣೆ ಎನ್ನಲಾರೆ. ಸ್ಮಾರ್ಟ್‌ಫೋನ್ ಬರುವ ಮೊದಲೇ ಪೂರ್ವ ಏಷ್ಯಾದ ನಗರಗಳ ಮಕ್ಕಳಲ್ಲಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ಈ ದೋಷ) ಏರತೊಡಗಿತ್ತು. ಹತ್ತಿರದ ಕೆಲಸ ಹೆಚ್ಚಿದಷ್ಟೇ ಬಯಲಿನ ಹೊತ್ತು ಕಡಿಮೆಯಾದದ್ದೂ ಕಾರಣ. ಹಗಲಿನ ಬೆಳಕಿನಲ್ಲಿ ಅಕ್ಷಿಪಟಲದಿಂದ ಸ್ರವಿಸುವ ಡೋಪಮೈನ್ ಎಂಬ ರಾಸಾಯನಿಕ ಕಣ್ಣು ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಆದ್ದರಿಂದ ಫೋನ್ ಕಿತ್ತುಕೊಂಡು ಮಗುವನ್ನು ಕೋಣೆಯಲ್ಲಿ ಪುಸ್ತಕದ ಮುಂದೆ ಕೂರಿಸಿದರೆ ಕಣ್ಣಿಗೆ ಅಷ್ಟೇನೂ ಲಾಭವಿಲ್ಲ. ದಿನಕ್ಕೆ ಎರಡು ಗಂಟೆ ಹೊರಗೆ ಆಡಲು ಬಿಡಬೇಕು. ಒಂದು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಮಗು ದೂರದ್ದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಒಂದು ಕಣ್ಣು ಇದ್ದಕ್ಕಿದ್ದಂತೆ ಒಳಮುಖವಾಗಿ ತಿರುಗಿದರೆ ಅಥವಾ ಒಂದೇ ವಸ್ತು ಎರಡಾಗಿ ಕಾಣುತ್ತಿದೆ ಎಂದರೆ, ಮೊಬೈಲ್ ಬಿಡಿಸಿ ಕಾದು ನೋಡುತ್ತ ಕೂರದೆ ಕೂಡಲೇ ನೇತ್ರತಜ್ಞರಿಗೆ ತೋರಿಸಬೇಕು.