ನಾಗಬನದೊಳಗಿನ ‘ಬನ’

ಉಡುಪಿ, ಮಂಗಳೂರು ಕಡೆಯವರಿಗೆ ನಾಗಬನವನ್ನು ತೋರಿಸಿಕೊಡಬೇಕಾಗಿಲ್ಲ. ಗದ್ದೆಯ ಬದಿಯಲ್ಲೋ ತೋಟದ ಮೂಲೆಯಲ್ಲೋ ಮರಗಳು ಒತ್ತಾಗಿ ನಿಂತಿರುತ್ತವೆ. ಒಳಗೆ ಒಂದೆರಡು ನಾಗನ ಕಲ್ಲು, ಕೆಲವು ಕಡೆ ಒಂದು ಹುತ್ತ. ಆದರೆ ಈ ಪದದಲ್ಲಿ ‘ನಾಗ’ ನೆನಪಿರುವಷ್ಟು ‘ಬನ’ ನಮಗೆ ನೆನಪಿಲ್ಲ.

ವನವೇ ನಮ್ಮ ಬಾಯಲ್ಲಿ ಬನ ಆಗಿದೆ. ನಾಗಬನ ಅಂದರೆ ನಾಗನ ಕಾಡು. ಉಳುವ ನೆಲದ ನಡುವೆ ಒಂದು ತುಂಡನ್ನು ‘ಇದು ನಮಗಲ್ಲ’ ಎಂದು ಹಿರಿಯರು ಬಿಟ್ಟುಕೊಟ್ಟರು. ಹೆಚ್ಚಿನವು ಕೆಲವೇ ಸೆಂಟ್ಸ್ ಜಾಗ. ಕೊಡಗಿನ ದೇವರಕಾಡು, ಕೇರಳದ ಕಾವು ಇದರ ನೆಂಟರೇ. ಬನದ ಮರಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಬಿದ್ದ ಕೊಂಬೆಯನ್ನೂ ನಮ್ಮಜ್ಜಿ ಒಲೆಗೆ ತರಲು ಬಿಡುತ್ತಿರಲಿಲ್ಲ.

ನಾಗರ ಪಂಚಮಿಯ ದಿನ ನಾವು ಕುಟುಂಬದ ಬನಕ್ಕೆ ತನು ಹಾಕಲು, ಅಂದರೆ ನಾಗನಿಗೆ ಹಾಲೆರೆಯಲು, ಹೋಗುತ್ತೇವೆ. ಕೈಯಲ್ಲಿ ಹಾಲು, ಸಿಯಾಳ, ಅರಶಿನ, ಹಿಂಗಾರ (ಅಡಿಕೆಯ ಹೂಗೊಂಚಲು), ಸಿಕ್ಕಿದರೆ ಕೇದಗೆ. ಹೊರಗೆ ಜೋರು ಮಳೆ ಇದ್ದರೂ ಒಳಗೆ ಎಲೆಯಿಂದ ಜಾರುವ ಹನಿ ಮಾತ್ರ. ಬರಿಗಾಲಿಗೆ ತರಗೆಲೆ ಮೆತ್ತಗೆ ಸಿಗುತ್ತದೆ, ಅದರಡಿ ಕಪ್ಪು ಮಣ್ಣು. ರೆಂಜೆ, ಬೈನೆ, ಹಾಳೆ ಮರಗಳಿಗೆ ಬೆತ್ತ ಸುತ್ತಿಕೊಂಡಿದೆ. ಹಾಳೆ ಅಂದರೆ ತುಳುವಿನ ಪಾಲೆ. ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ದಿನ ಬೆಳಗಾಗುವ ಮುಂಚೆ ಕಲ್ಲಿನಿಂದ ಕುಟ್ಟಿ ತೊಗಟೆ ತೆಗೆದು ಕಷಾಯ ಮಾಡಿ ಕುಡಿಯುವುದು ಇದೇ ಮರದ್ದು. ಅದಕ್ಕೂ ಕತ್ತಿ ಮುಟ್ಟಿಸುವುದಿಲ್ಲ, ನೋಡಿ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಜಾಸ್ತಿ ಪಾಲು ಹರಿದು ಕಡಲಿಗೆ ಹೋಗುತ್ತದೆ. ಬನದ ಹಾಗೆ ತರಗೆಲೆ ಹಾಸಿದ ನೆಲ ಮಾತ್ರ ನೀರನ್ನು ತಡೆದು ನಿಧಾನಕ್ಕೆ ಒಳಗಿಳಿಸುತ್ತದೆ.

‘ತನು’ ಅಂದರೆ ತುಳುವಿನಲ್ಲಿ ತಂಪು. ನಾವು ನಾಗನಿಗೆ ಎರೆಯುವುದು ತಂಪನ್ನೇ. ಹಾಗಿರುವಾಗ ಈಚೆಗೆ ಜೀರ್ಣೋದ್ಧಾರದ ಹೆಸರಲ್ಲಿ ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಹಾಕುವುದನ್ನು ಕಂಡಾಗ ಸಂಕಟವಾಗುತ್ತದೆ. ಮಾಡಿಸುವವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಕುಟುಂಬದ ಮೂಲನಾಗ, ಅಂದರೆ ಹಿರಿಯರು ಪೂಜಿಸುತ್ತಿದ್ದ ನಾಗ, ಎಲ್ಲಿ ಅಂತ ಮುಂಬಯಿಯಿಂದ ಹುಡುಕಿಕೊಂಡು ಬಂದು ಖರ್ಚು ಮಾಡುವವರಿದ್ದಾರೆ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಕಟ್ಟೆಯ ಮೇಲೆ ಎರಡು ಲೋಟ ಹಾಲು ಎರೆದರೆ ಎಷ್ಟು ಹೊತ್ತು ತಂಪು? ನಾಗ ಉಳಿದ, ಬನ ಹೋಯಿತು.

ಗುಡಿ ಕಟ್ಟದಿದ್ದರೆ ದೇವರಿಗೆ ಕಡಿಮೆಯಾಯಿತು ಅಂತ ಅನ್ನಿಸುವವರು ಉಡುಪಿ ಜಿಲ್ಲೆಯ ಪಡುಬಿದ್ರಿಯ ಬ್ರಹ್ಮಸ್ಥಾನಕ್ಕೆ ಒಮ್ಮೆ ಹೋಗಿ ಬರಬೇಕು. ಢಕ್ಕೆಬಲಿ ಎಂಬ ಆರಾಧನೆಗೆ ಊರಿಗೆ ಊರೇ ಸೇರುವ ಜಾಗ ಅದು. ಅಲ್ಲಿ ಗರ್ಭಗುಡಿ ಇಲ್ಲ, ಮೇಲೆ ಮಾಡು (ಸೂರು) ಇಲ್ಲ. ಮರಗಳ ನಡುವೆ ಮರಳು ಹಾಸಿದ ನೆಲ. ಕೈಗೆ ಸಿಗುವ ಪ್ರಸಾದವೂ ಆ ಮರಳೇ.