ವೃದ್ಧಾಶ್ರಮದಲ್ಲಿ ಅಮ್ಮ ಮತ್ತೆ ಮತ್ತೆ ಬೀಳುತ್ತಿದ್ದರೆ ಏನನ್ನು ವಿಚಾರಿಸಬೇಕು?

ಪ್ರಶ್ನೆ: ತಾಯಿಯವರನ್ನು ಪುಣೆಯ ಒಂದು ವೃದ್ಧಾಶ್ರಮದಲ್ಲಿ ಇರಿಸಿದ್ದೇವೆ. ಎರಡು ತಿಂಗಳಲ್ಲಿ ಎರಡು ಸಲ ಬಿದ್ದರು. ಈ ವಯಸ್ಸಿನಲ್ಲಿ ಇದು ಸಹಜವೆಂದು ಅಲ್ಲಿಯವರು ಹೇಳುತ್ತಾರೆ. ನಾವೇನು ಮಾಡಬೇಕು?

ಉತ್ತರ: ಸಹಜವೆಂಬ ಮಾತನ್ನು ಒಪ್ಪಿಕೊಳ್ಳಬೇಡಿ. ಯಾವ ಹೊತ್ತಿನಲ್ಲಿ ಬಿದ್ದರು, ಎಲ್ಲಿಗೆ ಹೊರಟಿದ್ದರು, ಆಗ ಹತ್ತಿರದಲ್ಲಿ ಯಾರಿದ್ದರು ಎಂಬುದನ್ನು ಮೊದಲು ಕೇಳಿ. ರಕ್ತದೊತ್ತಡದ ಮಾತ್ರೆಯನ್ನೋ ನಿದ್ರೆಯ ಗುಳಿಗೆಯನ್ನೋ ತೆಗೆದುಕೊಳ್ಳುವ ವೃದ್ಧರು ರಾತ್ರಿ ಮೂತ್ರಕ್ಕೆಂದು ತಟ್ಟನೆ ಎದ್ದು ನಿಂತಾಗ ಒತ್ತಡ ಇಳಿದು ಕಣ್ಣು ಕತ್ತಲೆಗಟ್ಟಬಹುದು. ಬಚ್ಚಲಿನ ಟೈಲ್ಸ್ ಒದ್ದೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚುತ್ತದೆ. ಎರಡು ಸಲ ಬಿದ್ದವರ ಮಾತ್ರೆಗಳನ್ನು ವೈದ್ಯರು ಮರುಪರಿಶೀಲಿಸಲೇಬೇಕು.

ಇನ್ನೊಂದು ಕಾರಣ ಇಲ್ಲಿರುವ ನಮ್ಮ ಕನ್ನಡದವರಿಗೇ ಸಂಬಂಧಿಸಿದ್ದು. ಇಲ್ಲಿ ಆರೈಕೆ ಮಾಡುವ ಹೆಂಗಸರನ್ನು ‘ಮಾವಶಿ’ ಎಂದು ಕರೆಯುತ್ತಾರೆ; ಅವರ ಮಾತು ಬಹುಮಟ್ಟಿಗೆ ಮರಾಠಿ. ಮರೆವಿನ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರಿ ತಾಯ್ನುಡಿ ಉಳಿಯುವುದುಂಟು. ನಲವತ್ತು ವರ್ಷ ಮರಾಠಿ ಆಡಿದ ಅಜ್ಜಿಯೂ ನಡುರಾತ್ರಿ “ಒಂದಕ್ಕೆ ಹೋಗ್ಬೇಕವ್ವಾ” ಎನ್ನುತ್ತಾರೆ. ಮಾವಶಿ ತಿಳಿಯದೆ, “ಝೋಪಾ ಆಜಿ” (ಮಲಗಿ ಅಜ್ಜಿ) ಎಂದು ಹೊದಿಕೆ ಸರಿಪಡಿಸಿ ಹೋಗುತ್ತಾರೆ. ಆಮೇಲೆ ಅಜ್ಜಿ ತಾವೇ ಎದ್ದು ಹೊರಡುತ್ತಾರೆ. ಬಾಯಾರಿಕೆ, ನೋವು, ತಲೆಸುತ್ತು, ಮೂತ್ರ ಮುಂತಾದವಕ್ಕೆ ತಾಯಿಯವರು ಬಳಸುವ ಏಳೆಂಟು ಮಾತುಗಳನ್ನು ದೇವನಾಗರಿಯಲ್ಲಿ, ಮರಾಠಿ ಅರ್ಥದೊಡನೆ, ದಪ್ಪಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಮಂಚದ ತಲೆದಿಸೆಗೆ ತೂಗುಹಾಕಿ. ಇದನ್ನು ಸಣ್ಣ ವಿಷಯವೆಂದು ದಯವಿಟ್ಟು ಬದಿಗಿಡಬೇಡಿ.

ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಎಚ್ಚರವಾಗಿರುತ್ತಾರೆಂದು ಕೇಳಿ. ಅಲ್ಲೇ ಮಲಗಿರುತ್ತಾರೆ ಎಂಬ ಉತ್ತರ ಸಾಲದು. ಮಂಚದ ಪಕ್ಕದ ಕಂಬಿಯನ್ನು ಎತ್ತಿರಿಸಿದ್ದೇವೆ ಎನ್ನುವುದೂ ಸಾಲದು, ಏಕೆಂದರೆ ಗಲಿಬಿಲಿಗೊಂಡವರು ಅದನ್ನು ದಾಟಲು ಹೋಗಿ ಇನ್ನಷ್ಟು ಎತ್ತರದಿಂದ ಬೀಳಬಹುದು. ಕೈ ಕಟ್ಟಿಹಾಕುವುದಂತೂ ಆರೈಕೆಯೇ ಅಲ್ಲ.

ಕಾಗದಪತ್ರಗಳನ್ನೂ ನೋಡಿ. ಮಹಾರಾಷ್ಟ್ರದಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಸಾಮಾನ್ಯವಾಗಿ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆ. ಊಟ ವಸತಿಯ ವೃದ್ಧಾಶ್ರಮಗಳೆಲ್ಲವೂ ಆ ನೋಂದಣಿ ಪಡೆದಿರುತ್ತವೆಂದು ಭಾವಿಸಬೇಡಿ. 2006ರ ರಾಜ್ಯ ಅಗ್ನಿಸುರಕ್ಷಾ ಕಾಯ್ದೆಯಂತೆ ಬೆಂಕಿ ಆರಿಸುವ ಸಾಧನಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ಪ್ರತಿ ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು; ಇತ್ತೀಚಿನ ಪ್ರತಿಯನ್ನು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಅದಕ್ಕೂ ಮೊದಲು ಒಂದು ದಿನ, ಮುಂಚೆ ತಿಳಿಸದೆ, ರಾತ್ರಿ ಊಟವಾದ ಮೇಲೆ ಅಲ್ಲಿಗೆ ಹೋಗಿ. ತಾಯಿಯವರ ಮಂಚದ ಬಳಿಯ ಕರೆಗಂಟೆ ಒತ್ತಿ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ಗಡಿಯಾರ ಹಿಡಿದು ನೋಡಿ.