ಹಳೇ ಮೂರು ಸೆಲ್ಲಿನ ಬ್ಯಾಟ್ರಿಗೆ ಪವರ್ ಎಲ್‌ಇಡಿ ಕೂರಿಸುವುದು

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಒಳಗೆ ಹಾಕುವುದು ಸೆಲ್ಲು. ರಾತ್ರಿ ತ್ರೀ ಫೇಸ್ ಬಂದಾಗ ಪಂಪ್‌ಸೆಟ್ ಹಾಕೋಕೆ ಹೊರಟವರ ಕೈಯಲ್ಲಿ ಇರುತ್ತಿದ್ದಂಥ ಉದ್ದನೆಯ ಲೋಹದ ಬ್ಯಾಟ್ರಿ ನಮ್ಮ ಅಟ್ಟದಲ್ಲೂ ಒಂದಿತ್ತು. ಅದಕ್ಕೆ 1 ವ್ಯಾಟಿನ ಎಲ್‌ಇಡಿ ಹಾಕುವಾಗ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಓಮನ ನಿಯಮ (ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟು) ಗೊತ್ತಿದ್ದರೆ ಸಾಕು.

ಮೊದಲು ನಾನು ಕೆಡಿಸಿದ್ದನ್ನು ಹೇಳಿಬಿಡುತ್ತೇನೆ. ಮೊದಲ ಪ್ರಯತ್ನ ಒಂದು ಪ್ಲಾಸ್ಟಿಕ್ ಟಾರ್ಚಿನಲ್ಲಿ. ಎಲ್‌ಇಡಿಯನ್ನು ರಿಫ್ಲೆಕ್ಟರ್ ಹಿಂದೆ ಗ್ಲೂ ಗನ್ ಅಂಟಿನಿಂದ ಅಂಟಿಸಿ, ಸೆಲ್ಲಿಗೆ ನೇರ ಜೋಡಿಸಿದೆ. ಎದುರಿನ ಗೋಡೆ ಹಗಲಿನಂತೆ ಬೆಳಗಿತು. ಎರಡು ನಿಮಿಷ ಖುಷಿ. ಆಮೇಲೆ ಬೆಳಕು ನೀಲಿಗೆ ತಿರುಗಿತು, ಅಂಟು ಕರಗಿತು, ಎಲ್‌ಇಡಿ ಜಾರಿ ಒಳಗೆ ಬಿತ್ತು. ಮಾಡಿದ ಎರಡು ತಪ್ಪೂ ಒಂದೇ ಕಡೆಯಿಂದ ಬಂದವು: ಎಲ್‌ಇಡಿಯನ್ನು ಬಲ್ಬು ಅಂದುಕೊಂಡಿದ್ದೆ.

ಬಲ್ಬಿನ ತಂತಿ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಹಾಗಾಗಿ ಕರೆಂಟನ್ನು ಅದು ತಾನೇ ಹಿಡಿದಿಡುತ್ತದೆ. ಎಲ್‌ಇಡಿಗೆ ಆ ಬುದ್ಧಿ ಇಲ್ಲ. 1 ವ್ಯಾಟಿನ ಬಿಳಿ ಎಲ್‌ಇಡಿ ಸುಮಾರು 3.1 ವೋಲ್ಟಿನಲ್ಲಿ 350 ಮಿಲಿಆಂಪಿಯರ್ ಎಳೆಯುತ್ತದೆ ಅನ್ನೋಣ. ಅದರ ಮೇಲೆ 0.2 ವೋಲ್ಟ್ ಜಾಸ್ತಿ ಕೊಟ್ಟರೆ ಕರೆಂಟು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬಿಸಿಯಾದರೆ ಇನ್ನೂ ಜಾಸ್ತಿ ಎಳೆಯುತ್ತದೆ. ಅದಕ್ಕೇ ಇಲ್ಲಿ ವೋಲ್ಟು ನೋಡಿ ಜೋಡಿಸಿದರೆ ಆಗುವುದಿಲ್ಲ, ಕರೆಂಟಿಗೆ ಕಡಿವಾಣ ಹಾಕಬೇಕು.

ಕಡಿವಾಣಕ್ಕೆ ಅಗ್ಗದ ದಾರಿ ರೆಸಿಸ್ಟರ್, ಅಂದರೆ ಕರೆಂಟಿಗೆ ರೋಧ ಒಡ್ಡುವ ಪುಟ್ಟ ಬಿಡಿಭಾಗ. ಹೊಸ ಸೆಲ್ಲು ಮೂರು ಸೇರಿದರೆ 4.5 ವೋಲ್ಟ್. ಎಲ್‌ಇಡಿಗೆ ಬೇಕಾದ್ದು 3.1. ಉಳಿದ 1.4 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. 1.4 ಅನ್ನು 0.35ರಿಂದ ಭಾಗಿಸಿದರೆ 4 ಓಮ್. ಅಂಗಡಿಯಲ್ಲಿ ಸಿಗುವುದು 3.9, ಅದೇ ಸಾಕು. ಅದರಲ್ಲಿ ಅರ್ಧ ವ್ಯಾಟ್ ಶಾಖವಾಗಿ ಹೋಗುತ್ತದೆ, ಆದ್ದರಿಂದ 1 ವ್ಯಾಟಿನದ್ದನ್ನೇ ಕೇಳಿ. ಕಾಲು ವ್ಯಾಟಿನದು ಹಾಕಿದರೆ ಸುಟ್ಟ ವಾಸನೆ ಬರುತ್ತದೆ.

ಇದರ ಕೊರತೆ ಸೆಲ್ಲು ಇಳಿದಾಗ ಕಾಣುತ್ತದೆ. ಒಂದೊಂದು ಸೆಲ್ಲು 1.2 ವೋಲ್ಟಿಗೆ ಬಂದಾಗ ಒಟ್ಟು 3.6. ಎಲ್‌ಇಡಿ ಸುಮಾರು 2.95 ಹಿಡಿದುಕೊಂಡರೆ ರೆಸಿಸ್ಟರಿಗೆ ಉಳಿಯುವುದು 0.65 ವೋಲ್ಟ್, ಅಂದರೆ ಕರೆಂಟು ಸುಮಾರು 165 ಮಿಲಿಆಂಪಿಯರ್. ಅರ್ಧಕ್ಕಿಂತ ಕಡಿಮೆ! ಆದರೆ ಕಣ್ಣಿಗೆ ಅರ್ಧ ಬೆಳಕು ಅರ್ಧದಂತೆ ಕಾಣುವುದಿಲ್ಲ, ಸ್ವಲ್ಪ ಮಂಕಾಯಿತು ಅನ್ನಿಸುತ್ತದೆ ಅಷ್ಟೇ. ತೋಟಕ್ಕೆ ಹೋಗಿ ಬರುವವರಿಗೆ ಇದು ನಿಜಕ್ಕೂ ಅನುಕೂಲ. ಸೆಲ್ಲು ಮುಗಿಯುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ, ದಾರಿ ಮಧ್ಯೆ ಪಕ್ಕನೆ ಕತ್ತಲಾಗುವುದಿಲ್ಲ.

ಇನ್ನೊಂದು ದಾರಿ ಎಎಂಸಿ7135 ಅನ್ನುವ ಪುಟ್ಟ ಚಿಪ್. ಕರೆಂಟನ್ನು 350 ಮಿಲಿಆಂಪಿಯರ್ ಹತ್ತಿರ ಕಟ್ಟಿಹಾಕುತ್ತದೆ. ಎಲ್‌ಇಡಿಗಿಂತ 0.12 ವೋಲ್ಟಿನಷ್ಟು ಹೆಚ್ಚಿಗೆ ಸಿಕ್ಕರೆ ಸಾಕು, ಕೆಲಸ ನಡೆಯುತ್ತದೆ. ಚಿಪ್ ಹಾಕಿದರೆ ಸೆಲ್ಲು ಉಳಿಯುತ್ತದೆ ಅಂತ ಬಹಳ ಜನ ನಂಬುತ್ತಾರೆ. ಅದು ಸರಿಯಲ್ಲ. ಹೊಸ ಸೆಲ್ಲಿನಲ್ಲಿ ಅದೂ ಅದೇ ಅರ್ಧ ವ್ಯಾಟ್ ಶಾಖ ಮಾಡುತ್ತದೆ. ಸಿಗುವ ಲಾಭ ಒಂದೇ, ಬೆಳಕು ಹೆಚ್ಚುಕಡಿಮೆ ಕೊನೆಯವರೆಗೂ ಸಮನಾಗಿರುತ್ತದೆ. ಎರಡು ಸೆಲ್ಲಿನ ಟಾರ್ಚಾದರೆ ಇವೆರಡೂ ಬೇಡ. 3 ವೋಲ್ಟನ್ನು ಏರಿಸುವ ಬೂಸ್ಟ್ ಡ್ರೈವರ್ ಬೇಕು.

ಮೂರು ಡಿ ಸೆಲ್ಲಿನ (ಇಂಥ ಟಾರ್ಚಿನ ದಪ್ಪ ಸೆಲ್ಲು) ಜಾಗಕ್ಕೆ ಮೂರು ಲಿಥಿಯಂ ಸೆಲ್ಲು ತುರುಕಬೇಡಿ. ಪೂರ್ತಿ ಚಾರ್ಜಾದ ಒಂದೊಂದೂ 4.2 ವೋಲ್ಟ್, ಮೂರು ಸೇರಿ 12.6!

ಇನ್ನು ಶಾಖ. ಬಲ್ಬು ತನ್ನ ಶಾಖದ ಬಹುಪಾಲನ್ನು ಬೆಳಕಿನ ಜೊತೆಗೇ ಮುಂದಕ್ಕೆ ಚೆಲ್ಲುತ್ತದೆ. ಎಲ್‌ಇಡಿಯ ಬೆಳಕು ತಣ್ಣಗಿರುತ್ತದೆ, ಬೆನ್ನು ಸುಡುತ್ತದೆ. ಕೊಟ್ಟ ವಿದ್ಯುತ್ತಿನ ಅರ್ಧಕ್ಕಿಂತ ಜಾಸ್ತಿ ಹಿಂದಿನಿಂದ ಶಾಖವಾಗಿ ಇಳಿದು ಹೋಗಬೇಕು. ಪ್ಲಾಸ್ಟಿಕ್ಕಿನಲ್ಲಿ ಹೋಗಲು ದಾರಿಯೇ ಇಲ್ಲ, ಅಲ್ವಾ? ಅದಕ್ಕೇ ಎಲ್‌ಇಡಿಯನ್ನು ನಕ್ಷತ್ರದ ಆಕಾರದ, 20 ಮಿಲಿಮೀಟರಿನ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿ ಮಾರುತ್ತಾರೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಹಾಗೇ ಸಿಗುತ್ತದೆ. ನಾನು 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಟಾರ್ಚಿನ ಕುತ್ತಿಗೆಯ ಅಳತೆಗೆ ದುಂಡಗೆ ಕತ್ತರಿಸಿ, ಅರದಿಂದ ಉಜ್ಜಿ ಬಿಗಿಯಾಗಿ ಕೂರಿಸಿದೆ. ಅದರ ಮೇಲೆ ಬಿಲ್ಲೆ, ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್. ಪೇಸ್ಟು ತೆಳ್ಳಗಿರಲಿ, ದೋಸೆಗೆ ಚಟ್ನಿ ಸವರಿದ ಹಾಗೆ ಬೇಡ. ಹತ್ತು ನಿಮಿಷ ಉರಿಸಿ ಕುತ್ತಿಗೆ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಶಾಖ ಹೊರಗೆ ಬರುತ್ತಿದೆ. ಎಲ್‌ಇಡಿ ಚೆನ್ನಾಗಿ ಉರಿಯುತ್ತಿದ್ದರೂ ಕುತ್ತಿಗೆ ತಣ್ಣಗೇ ಇದ್ದರೆ ಅನುಮಾನ ಪಡಿ.

ಸೆಲ್ಲು ಹಾಕುವ ಮೊದಲು ಮಲ್ಟಿಮೀಟರಿನ ಬೀಪ್ ಪರೀಕ್ಷೆ ಮಾಡಿ. ಬಿಲ್ಲೆಯ ಬೆನ್ನಿಗೂ ಎರಡು ಟರ್ಮಿನಲ್‌ಗಳಿಗೂ ಸಂಪರ್ಕ ಇರಬಾರದು. ಇಂಥ ಟಾರ್ಚಿನಲ್ಲಿ ಮೈಯೇ ಮೈನಸ್ಸು. ಪ್ಲಸ್ಸು ಅದಕ್ಕೆ ತಗುಲಿದರೆ ಶಾರ್ಟು. ಬೆಳ್ಳಿ ಬಣ್ಣದ ರಿಫ್ಲೆಕ್ಟರೂ ಕರೆಂಟು ಹರಿಸಬಹುದು, ಅದಕ್ಕೆ ಬೆಸುಗೆ ಮೇಲೆ ದಪ್ಪ ಕಾಗದದ ನಾಲ್ಕು ಉಂಗುರ ಇಟ್ಟೆ.

ಕೊನೆಗೆ ಫೋಕಸ್. ಬಲ್ಬಿನ ತಂತಿ ರಿಫ್ಲೆಕ್ಟರಿನ ಒಳಗೆ, ನಾಭಿಯ ಹತ್ತಿರ ಇರುತ್ತಿತ್ತು. ಎಲ್‌ಇಡಿ ಬಿಲ್ಲೆ ಹಿಂದೆ ಉಳಿದುಬಿಡುತ್ತದೆ, ಗೋಡೆಯ ಮೇಲೆ ನಡುವೆ ಕಪ್ಪು ಇರುವ ಬಳೆಯಂಥ ಬೆಳಕು ಬೀಳುತ್ತದೆ. ರಿಫ್ಲೆಕ್ಟರಿನ ತೂತನ್ನು ಗುಂಡು ಅರದಿಂದ ಅಗಲ ಮಾಡಿ, ಎಲ್‌ಇಡಿಯ ಗುಮ್ಮಟ ಒಳಗೆ ಇಣುಕುವಂತೆ ಮಾಡಿದೆ. ಆಮೇಲೆ ಆ ಕಾಗದದ ಉಂಗುರಗಳನ್ನು ಒಂದೊಂದಾಗಿ ತೆಗೆಯುತ್ತಾ ಗೋಡೆ ನೋಡಿದೆ. ನಾಲ್ಕು ಇದ್ದಾಗ ಬಳೆ, ಮೂರಕ್ಕೆ ಬಳೆಯ ನಡು ತುಂಬಿತು, ಎರಡಕ್ಕೆ ಬೆಳಕು ಒಂದು ಗಟ್ಟಿ ಚುಕ್ಕೆಯಾಯಿತು. ಒಂದಕ್ಕೆ ಇಳಿಸಲು ಹೋಗಿ ಬೆಸುಗೆ ತಗುಲುವಂತಿತ್ತು, ಎರಡಕ್ಕೇ ಬಿಟ್ಟೆ.